ಅಳದ ಕೂಸು ಮನೆಗೆ ಬಂದಾಗ

"ಭಾಳ ಶಾಂತ ಕೂಸು ನೋಡ್ರಿ. ಅಳೋದಽ ಇಲ್ಲ. ಯಾರು ಕರದ್ರೂ ಹೊಕ್ಕಾನ."

ಧಾರವಾಡದ ಲಕಮನಹಳ್ಳಿಯ ನಮ್ಮ ಓಣಿಗೆ ಒಂದೂವರೆ ವರ್ಷದ ಗಂಡುಮಗು ಬಂದ ವಾರ ಎಲ್ಲರ ಬಾಯಲ್ಲೂ ಇದೇ ಮಾತು. ಮಗುವನ್ನು ತಂದ ದಂಪತಿಗೂ ಒಳಗೊಳಗೇ ಹೆಮ್ಮೆ. ನೋಡಿಹೋಗಲು ಬಂದಿದ್ದ ಸಮಾಜ ಕಾರ್ಯಕರ್ತೆ ಮಾತ್ರ ತಲೆ ಆಡಿಸಲಿಲ್ಲ. "ನೀವು ಹೊರಗ ಹೋದ್ರ ಅಂವಾ ಅಳ್ಳಾಕ ಶುರು ಮಾಡ್ತಾನಲ್ಲ, ಆ ದಿನ ನನಗ ಫೋನ್ ಹಚ್ರಿ ಅಕ್ಕಾರ" ಅಂದು ಹೋದರು. ನಮಗೆಲ್ಲ ಸೋಜಿಗ. ಕೂಸು ಅಳಲಿ ಎಂದು ಯಾರಾದರೂ ಕಾಯುತ್ತಾರೆಯೇ?

ಅದರ ಅರ್ಥಕ್ಕೆ ಆಮೇಲೆ ಬರುತ್ತೇನೆ. (ಆ ಮನೆಯ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಏಕೆ ಎನ್ನುವುದೂ ಮುಂದೆ ತಿಳಿಯುತ್ತದೆ.) ಮೊದಲು, ಆ ಮಗು ಯಾವ ಲೆಕ್ಕದಲ್ಲಿ ಆ ಮನೆಗೆ ಬಂತು ಎನ್ನುವುದನ್ನು ನೋಡೋಣ. ಓಣಿಯಲ್ಲಿ ಹುಟ್ಟಿದ ಗೊಂದಲವೆಲ್ಲ ಅಲ್ಲಿಯದೇ.

ದಂಪತಿ "ಈಗ ಇಂವಾ ನಮ್ಮ ಫಾಸ್ಟರ್ ಕೇರ್‌ನ್ಯಾಗ ಇದ್ದಾನ್ರಿ" ಅಂದಿದ್ದರು. ಫಾಸ್ಟರ್ ಕೇರ್ ಅಂದರೆ ಪೋಷಕತ್ವ: ಹೆತ್ತವರಲ್ಲದವರು ಕಾನೂನಿನ ಒಪ್ಪಿಗೆಯಿಂದ ಮಗುವನ್ನು ಮನೆಯಲ್ಲಿಟ್ಟು ಸಾಕುವುದು. ನಮ್ಮ ದೇಶದಲ್ಲಿ ಈ ಒಂದೇ ಹೆಸರಿನಲ್ಲಿ ಎರಡು ಬೇರೆ ವ್ಯವಸ್ಥೆಗಳಿವೆ. ಒಂದು, 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನ ಪೋಷಕತ್ವ. ತಂದೆತಾಯಿ ಇದ್ದೂ ಸಾಕಲಾಗದ ಮಕ್ಕಳಿಗೆ, ಬಾಲಮಂದಿರಗಳಲ್ಲೇ ಉಳಿದುಬಿಟ್ಟ ದೊಡ್ಡ ಮಕ್ಕಳಿಗೆ ಇದು. 2024ರ ಮಾರ್ಗಸೂಚಿ ಇದನ್ನು ಆರು ವರ್ಷ ದಾಟಿದ ಮಕ್ಕಳಿಗೆಂದು ಇಟ್ಟಿದೆ. ಎರಡು ವರ್ಷ ಸಾಕಿದ ಮೇಲೆ, ಮಗು ಕಾನೂನಿನ ಪ್ರಕಾರ ಮುಕ್ತವಾಗಿದ್ದರೆ, ಅದೇ ಮನೆಯವರು ದತ್ತು ಕೇಳಬಹುದು.

ಹಾಗಾದರೆ ಅಂಬೆಗಾಲಿಡುವ, ತೊದಲು ನುಡಿಯುವ ಕೂಸು? ದತ್ತು ಹೋಗಬಲ್ಲ ಮಗುವನ್ನು ದೀರ್ಘಕಾಲದ ಪೋಷಕತ್ವಕ್ಕೆ ಕೊಡಬಾರದು ಎಂದು ಅದೇ 44ನೇ ಕಲಮು ಹೇಳುತ್ತದೆ. ಇಷ್ಟು ಎಳೆಯ ಕೂಸಿಗೆ ತಾತ್ಕಾಲಿಕ ಮನೆಗಿಂತ ಕಾಯಂ ಮನೆಯೇ ಬೇಕು ಎನ್ನುವುದು ಅದರ ಹಿಂದಿನ ವಿಚಾರ. ಹಾಗಾಗಿ ನಿಮ್ಮ ನೆರೆಮನೆಯಲ್ಲಿ ಫಾಸ್ಟರ್ ಕೇರ್ ಹೆಸರಲ್ಲಿ ಒಂದೆರಡು ವರ್ಷದ ಮಗು ಕಂಡರೆ, ಅದು ಬಹುಮಟ್ಟಿಗೆ ಎರಡನೆಯ ಬಗೆ: ದತ್ತು ಪೂರ್ವ ಪೋಷಣೆ. ದತ್ತು ಗೊತ್ತಾಗಿದೆ, ಮಗು ಮನೆಗೆ ಬಂದಿದೆ, ಆದೇಶದ ಕಾಗದ ಇನ್ನೂ ಬರಬೇಕು. ನಡುವಿನ ಆ ಕಾಲಕ್ಕೆ ಈ ಹೆಸರು. "ಅಂದ್ರ ಬಾಡಿಗೀ ಕೂಸಾ?" ಎಂದು ಹಿರಿಯರೊಬ್ಬರು ಕೇಳಿದ್ದರು. ಅಲ್ಲರೀ ಯಜಮಾನರೇ. ಆದೇಶ ಬರುವ ತನಕ ಹೊರಗಿನವರಾದ ನಾವು ಕೇಳುವಾಗ ಸ್ವಲ್ಪ ನಾಲಿಗೆ ಬಿಗಿಹಿಡಿದರೆ ಸಾಕು.

ಹೆತ್ತವರು ನಾಳೆ ಬಂದು ಕೇಳಿದರೆ ಎನ್ನುವ ಭಯ ಎಲ್ಲರಿಗೂ ಇರುತ್ತದೆ. ಇಲ್ಲಿ ಆ ಭಯ ಬೇಡ. ಹೆತ್ತವರೇ ಮಗುವನ್ನು ಒಪ್ಪಿಸಿದ್ದರೆ, ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವಿರುತ್ತದೆ. ಬಿಟ್ಟುಹೋದ ಮಗುವಾದರೆ ಮೊದಲು ಮನೆಯವರನ್ನು ಹುಡುಕುತ್ತಾರೆ. ಇದೆಲ್ಲ ಮುಗಿದು, ಮಕ್ಕಳ ಕಲ್ಯಾಣ ಸಮಿತಿ 'ಈ ಮಗು ದತ್ತಿಗೆ ಮುಕ್ತ' ಎಂದು ಘೋಷಿಸಿದ ಮೇಲೆಯೇ ಮಗುವಿನ ವಿವರ ನಿಮ್ಮ ಕಣ್ಣಿಗೆ ಬೀಳುತ್ತದೆ.

ವಿವರ ಬರುವುದು ಆನ್‌ಲೈನಿನಲ್ಲಿ. ಕಾರಾ ಎಂದು ಕರೆಯುವ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೀವು ನೋಂದಣಿ ಮಾಡಿಸಿರುತ್ತೀರಿ. ಹೋಮ್ ಸ್ಟಡಿ, ಅಂದರೆ ಮನೆಗೆ ಬಂದು ಮಾಡುವ ವಿಚಾರಣೆ, ಮುಗಿದಿರುತ್ತದೆ. ಆಮೇಲೆ ಕಾಯುವುದು. ಚಿಕ್ಕ ಮಗುವಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಅದನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ಒಂದು ದಿನ ಮಗುವಿನ ಫೋಟೊ ಮತ್ತು ವೈದ್ಯಕೀಯ ವರದಿ ಬರುತ್ತವೆ. 48 ಗಂಟೆಯೊಳಗೆ ಕಾಯ್ದಿರಿಸಬೇಕು. ನಂತರ ಮಗುವನ್ನು ಕಂಡು, ವೈದ್ಯರಿಗೆ ತೋರಿಸಿ, ಒಪ್ಪಿಗೆಯ ಸಹಿ ಹಾಕುತ್ತೀರಿ. ಅಲ್ಲಿಂದ 10 ದಿನದಲ್ಲಿ ಮಗು ನಿಮ್ಮ ಮನೆಯಲ್ಲಿರುತ್ತದೆ. ವರ್ಷಗಟ್ಟಲೆ ಆಮೆ, ಕೊನೆಯ ಹತ್ತು ದಿನ ಕುದುರೆ.

ಆ ಹತ್ತು ದಿನದಲ್ಲಿ ಬಟ್ಟೆ ಅಂಗಡಿಗೆ ಓಡುವುದಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಮಗು ಅಲ್ಲಿಯವರೆಗೆ ಇದ್ದ ಶಿಶುಗೃಹದ ಆಯಾಗಳ ಹತ್ತಿರ ಕೂತು ಕೇಳಿ. ಮಗು ಎಷ್ಟು ಹೊತ್ತಿಗೆ ಮಲಗುತ್ತದೆ? ದೀಪ ಇರಬೇಕೋ ಬೇಡವೋ? ಹಾಲು ಲೋಟದಲ್ಲೋ ಬಾಟಲಿಯಲ್ಲೋ? ಏನೆಂದು ಕರೆಯುತ್ತಾರೆ? ಅದು ಹೊದ್ದ ಒಂದು ಬಟ್ಟೆಯನ್ನು ಕೇಳಿ ತನ್ನಿ. ಮನೆಗೆ ಬಂದ ಮೇಲೆ ಅದನ್ನು ಒಗೆಯಬೇಡಿ. ದೊಡ್ಡವರ ಮೂಗಿಗೆ ಅದು ಹಳೆಯ ವಾಸನೆ, ಕೂಸಿಗೆ ಆ ರಾತ್ರಿ ಅದೊಂದೇ ಗುರುತಿನ ವಸ್ತು. ಮಗು ಬೇರೆ ರಾಜ್ಯದಿಂದಲೂ ಬರಬಹುದು. ಮರಾಠಿಯೋ ಒಡಿಯಾವೋ ಕೇಳಿ ಬೆಳೆದಿದ್ದರೆ, ನೀರು, ಹಾಲು, ಉಚ್ಚೆ, ಇಷ್ಟಕ್ಕಾದರೂ ಅದರ ಮಾತು ಬರೆದುಕೊಳ್ಳಿ. ಕೆಲವು ತಿಂಗಳಲ್ಲಿ ಅದೇ ಧಾರವಾಡ ಕನ್ನಡಕ್ಕೆ ಹೊರಳುತ್ತದೆ. ಹೆಸರಿನದೂ ಹಾಗೇ. ನೀವು ಬೇರೆ ಹೆಸರು ಯೋಚಿಸಿದ್ದರೆ ಕೆಲವು ವಾರ ಎರಡನ್ನೂ ಕೂಡಿಸಿ ಕರೆಯಿರಿ. ಅದಕ್ಕೆ ಸ್ವಂತದ್ದು ಅಂತ ಇದ್ದದ್ದು ಆ ಹೆಸರು ಮಾತ್ರ.

ಮನೆಯ ತಯಾರಿಯಲ್ಲಿ ನಮ್ಮ ಊರಿಗೇ ಸೇರಿದ ಅಪಾಯವೊಂದಿದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು, ಬ್ಯಾರಲ್ಲು, ಬಕೀಟು, ಪಾತೇಲಿ ಎಲ್ಲ ತುಂಬಿಡುತ್ತೇವೆ. ನಡೆಯಲು ಕಲಿಯುವ ಮಗುವಿನ ತಲೆ ಭಾರ, ಬಗ್ಗಿದರೆ ಎತ್ತಿಕೊಳ್ಳಲಾಗದು. ಅರ್ಧ ಬಕೀಟು ನೀರೂ ಅದರ ಪ್ರಾಣಕ್ಕೆ ಎರವಾಗಬಹುದು. ಬಚ್ಚಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ, ಸಂಪಿಗೆ ಗಟ್ಟಿ ಮುಚ್ಚಳ ಇರಲಿ. ಇಂಡಸ್ಟ್ರಿಯಲ್ ಏರಿಯಾದ ಕಡೆ ಮನೆಯಿದ್ದರೆ ಲಾರಿಗಳ ಓಡಾಟವೂ ಇದೆ, ಗೇಟು ತೆರೆದಿಡಬೇಡಿ.

ಊಟ ಮೊದಲ ವಾರ ಶಿಶುಗೃಹದ್ದೇ ಇರಲಿ, ಹೊತ್ತು ಕೂಡ ಅದೇ. ಆಮೇಲೆ ಹಾಲಿನಲ್ಲಿ ನೆನೆಸಿದ ಬಿಸಿ ರೊಟ್ಟಿ, ಮೆತ್ತಗಿನ ಅನ್ನ-ತೊವ್ವೆ, ರಾಗಿ ಗಂಜಿ ಒಂದೊಂದಾಗಿ. ನವಲೂರಿನ ಪೇರಲ ಹಣ್ಣನ್ನು ಬೀಜ ತೆಗೆದು ಕೊಡಿ. ಇಡೀ ಶೇಂಗಾ ಕಾಳು ಮಾತ್ರ ಈ ವಯಸ್ಸಿಗೆ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಲವು ಮಕ್ಕಳು ಹೊಟ್ಟೆ ತುಂಬಿದರೂ ತಟ್ಟೆ ಬಿಡುವುದಿಲ್ಲ, ಕೈಯಲ್ಲಿ ಚೂರು ಹಿಡಿದೇ ಮಲಗುತ್ತವೆ. ಬೈಯಬೇಡಿ. ಊಟ ಮತ್ತೆ ಬರುತ್ತದೆ ಎನ್ನುವ ನಂಬಿಕೆ ಇನ್ನೂ ಹುಟ್ಟಿಲ್ಲ, ಅಷ್ಟೇ. ನಮ್ಮ ಓಣಿಯ ಮಗು ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೊದಲ ದಿನ ಬೆಚ್ಚಿಬಿದ್ದಿತ್ತು. ತಿಂಗಳು ಕಳೆದ ಮೇಲೆ ಅದೇ ಸಪ್ಪಳ ಕೇಳಿದರೆ ಅಡುಗೆಮನೆ ಬಾಗಿಲಿಗೆ ಬಂದು ಕೂರುತ್ತಿತ್ತು.

ಈಗ ಆ ಅಳುವಿನ ವಿಷಯ. ಶಿಶುಗೃಹದಲ್ಲಿ ಒಬ್ಬ ಆಯಾ ಅನೇಕ ಮಕ್ಕಳನ್ನು ನೋಡಬೇಕು, ಪಾಳಿಯಲ್ಲಿ ಆಯಾಗಳೂ ಬದಲಾಗುತ್ತಾರೆ. ಅತ್ತಾಗಲೆಲ್ಲ ಯಾರೂ ಬರಲಾಗುವುದಿಲ್ಲ. ಕೂಸು ಕ್ರಮೇಣ ಅಳುವುದನ್ನು ಬಿಡುತ್ತದೆ. ಯಾರು ಕೈ ಚಾಚಿದರೂ ಹೋಗುತ್ತದೆ, ಏಕೆಂದರೆ ಇವರು ನನ್ನವರು, ಅವರು ಬೇರೆಯವರು ಎಂಬ ಗೆರೆ ಅದರಲ್ಲಿ ಮೂಡಿಲ್ಲ. ನಾವು ಶಾಂತ, ಶಾಣ್ಯಾ ಎಂದು ಮೆಚ್ಚಿದ್ದು ಇದನ್ನೇ. ನೀವು ಎದ್ದು ಹೋದಾಗ ಮಗು ಚೀರಿ ಅಳಲು ಶುರುವಾದರೆ, ನೆರೆಮನೆಯ ಅಜ್ಜಿ ಎತ್ತಿಕೊಂಡರೆ ನಿಮ್ಮ ಕಡೆ ಬಾಗಿದರೆ, ಆ ಗೆರೆ ಮೂಡುತ್ತಿದೆ ಎಂದರ್ಥ.  ಈ ಮಕ್ಕಳಿಗೆ ಎದ್ದು ನಡೆಯುವುದಕ್ಕಿಂತ ಇದು ದೊಡ್ಡ ಮೈಲಿಗಲ್ಲು ಎಂದೇ ನನ್ನ ಎಣಿಕೆ.

ಅದು ಬೇಗ ಬರಬೇಕಾದರೆ ಮೊದಲ ಕೆಲವು ವಾರ ಉಣಿಸುವುದು, ಎರೆಯುವುದು, ಮಲಗಿಸುವುದು ಅಪ್ಪ-ಅವ್ವ ಇಬ್ಬರೇ ಮಾಡಿ. ನಮ್ಮ ಕಡೆ ಇದು ಕಷ್ಟ. ಅತ್ತಿ, ಚಿಗವ್ವ, ಓಣಿಯ ಹೆಣ್ಣುಮಕ್ಕಳು ಎಲ್ಲರೂ ಎತ್ತಿಕೊಳ್ಳಬೇಕು. "ಒಂದ್ ತಿಂಗಳ ತಡೀರಿ ಅತ್ತಿ, ಡಾಕ್ಟರ್ ಹೇಳ್ಯಾರ" ಅಂದುಬಿಡಿ. ಡಾಕ್ಟರ ಹೆಸರು ಹೇಳಿದರೆ ಯಾರೂ ಮುನಿಯುವುದಿಲ್ಲ. ಜಾವಳ, ಕಿವಿ ಚುಚ್ಚಿಸುವುದು, ದೊಡ್ಡ ಊಟ ಇವೆಲ್ಲ ಸ್ವಲ್ಪ ತಡವಾಗಿಯೇ ಆಗಲಿ. ಜನರ ಗದ್ದಲ, ಕತ್ತರಿ, ಸೂಜಿ, ಎಲ್ಲ ಒಮ್ಮೆಗೇ ಅದಕ್ಕೆ ಯಾಕೆ?

ಇದೆಲ್ಲ ಬರೀ ಹೇಳಿಕೆ-ಕೇಳಿಕೆಯಲ್ಲ. 2000ರ ನಂತರ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಎಳೆಯ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಪೋಷಕ ಮನೆಗಳಿಗೆ ಹೋಯಿತು, ಇನ್ನೊಂದು ಅಲ್ಲೇ ಇತ್ತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅವರನ್ನು ವರ್ಷಗಟ್ಟಲೆ ಗಮನಿಸಿದರು. ಮನೆಗೆ ಹೋದವರ ಬುದ್ಧಿ, ಮಾತು, ಅಂಟಿಕೊಳ್ಳುವ ಗುಣ ಎಲ್ಲ ಚೇತರಿಸಿದವು. ಸುಮಾರು ಎರಡು ವರ್ಷದೊಳಗೆ ಹೋದವರಲ್ಲಿ ಇನ್ನೂ ಚೆನ್ನಾಗಿ.

ಮಿಕ್ಕ ಮೈಲಿಗಲ್ಲುಗಳಿಗೂ ಲೆಕ್ಕವಿದೆ. 18 ತಿಂಗಳ ಹೊತ್ತಿಗೆ ತಾನಾಗಿ ನಡೆಯಬೇಕು, ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು. ಎರಡು ವರ್ಷಕ್ಕೆ "ಅವ್ವ ಬಾ", "ನೀರ್ ಕೊಡ" ಎಂದು ಎರಡು ಪದ ಜೋಡಿಸಬೇಕು. ಆದರೆ ಬಿಟ್ಟುಹೋದ ಮಗುವಿನ ಹುಟ್ಟಿದ ದಿನವನ್ನು ವೈದ್ಯರು ಅಂದಾಜಿನ ಮೇಲೆ ಬರೆದಿರುತ್ತಾರೆ. ಕಾಗದದ 18 ತಿಂಗಳು ನಿಜದಲ್ಲಿ 16 ಇರಬಹುದು. ಮನೆಗೆ ಬಂದ ದಿನ ಎಲ್ಲಿತ್ತು, ಮೂರು ತಿಂಗಳಲ್ಲಿ ಎಲ್ಲಿಗೆ ಬಂತು ಎನ್ನುವುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಡಾಕ್ಟರಿಗೆ ಅದೇ ಹೆಚ್ಚು ಉಪಯೋಗ. ಮುಂದಕ್ಕೆ ಸಾಗುತ್ತಲೇ ಇಲ್ಲ ಎನ್ನಿಸಿದರೆ ಕಾಯಬೇಡಿ. ಮಕ್ಕಳ ತಜ್ಞರಿಗೆ ತೋರಿಸಿ. ಹುಬ್ಬಳ್ಳಿಯ ಕಿಮ್ಸ್ ಎಂದು ನಾವೆಲ್ಲ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ನಡವಳಿಕೆಯ ಚಿಂತೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಲಸಿಕೆ ಕಾರ್ಡನ್ನು ಸಂಸ್ಥೆಯಿಂದ ಮರೆಯದೆ ತನ್ನಿ. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೇ ಡೋಸು, ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್ ಇರುತ್ತವೆ. ಓಣಿಯ ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ತೂಕ ನೋಡುತ್ತಾರೆ, ಮೂರು ವರ್ಷದೊಳಗಿನ ಮಗುವಿಗೆ ಮನೆಗೇ ಪೌಷ್ಟಿಕ ಆಹಾರ ಕೊಡುತ್ತಾರೆ.

ಮಗುವಿನ ಫೋಟೊವನ್ನು ಸ್ಟೇಟಸ್ಸಿಗೆ ಹಾಕಬಹುದೇ? ಬೇಡ. ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಮಾಧ್ಯಮದಲ್ಲಿ ಬಹಿರಂಗಪಡಿಸುವುದು ಅದೇ ಕಾಯ್ದೆಯ 74ನೇ ಕಲಮಿನಲ್ಲಿ ತಪ್ಪು. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಆಗಬಹುದು. ನಾನು ವಿವರ ಬದಲಿಸಿದ್ದೂ ಅದಕ್ಕೇ. ಊರಿಗೆ ಹೋಗುವಾಗ, ಆಸ್ಪತ್ರೆಗೆ ಓಡುವಾಗ ಪೋಷಣೆಯ ಒಪ್ಪಿಗೆ ಪತ್ರದ ನಕಲು ಚೀಲದಲ್ಲಿರಲಿ. "ನೀವು ಮಗುವಿಗೆ ಏನಾಗಬೇಕು" ಎಂದು ಕೌಂಟರಿನಲ್ಲಿ ಕೇಳಿದರೆ ಅದೇ ಉತ್ತರ.

ಆದೇಶಕ್ಕೆ ಹಿಂದೆ ಕೋರ್ಟಿಗೆ ಹೋಗಬೇಕಿತ್ತು. 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಯೇ ಆದೇಶ ಕೊಡುತ್ತಾರೆ. ಅರ್ಜಿಯನ್ನು ದತ್ತು ಸಂಸ್ಥೆಯೇ ಹಾಕುತ್ತದೆ, ಎರಡು ತಿಂಗಳಲ್ಲಿ ಮುಗಿಯಬೇಕು ಎನ್ನುವುದು ನಿಯಮ. ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ ಆಮೇಲೆ. ಆದೇಶ ಬಂದರೂ ಸಮಾಜ ಕಾರ್ಯಕರ್ತೆ ಆರು ತಿಂಗಳಿಗೊಮ್ಮೆ ಎರಡು ವರ್ಷದವರೆಗೆ ಬರುತ್ತಿರುತ್ತಾರೆ. ಮನೆ ಗುಡಿಸಿ, ಸಾರಿಸಿ ತೋರಿಸುವ ಅಗತ್ಯವಿಲ್ಲ, ರಾತ್ರಿ ನಿದ್ದೆಗೆಟ್ಟಿದ್ದನ್ನೂ ಹೇಳಿ. ಹೊಂದಿಕೆಯಾಗುತ್ತಲೇ ಇಲ್ಲ ಎನ್ನಿಸಿದರೆ ಮುಚ್ಚಿಡಬೇಡಿ, ಆಪ್ತಸಮಾಲೋಚನೆಗೆ ದಾರಿ ಇದೆ.

ಖರ್ಚು? ಹೋಮ್ ಸ್ಟಡಿಗೆ 6,000 ರೂಪಾಯಿ, ನಂತರದ ಪ್ರತಿ ಭೇಟಿಗೆ 2,000. ಎಲ್ಲಕ್ಕಿಂತ ದೊಡ್ಡದು ಮಗುವಿನ ಪಾಲನಾ ನಿಧಿಗೆ ಸಂಸ್ಥೆಗೆ ಕೊಡುವ ಮೊತ್ತ. ಅದರ ದರವನ್ನು ಕಾರಾ ನಿಗದಿ ಮಾಡಿದೆ, ಕಟ್ಟುವ ದಿನ ಪೋರ್ಟಲ್‌ನಲ್ಲಿ ಇರುವ ಅಂಕಿಯನ್ನೇ ಕಟ್ಟಿ, ರಸೀದಿ ಪಡೆಯಿರಿ. ದತ್ತು ಪೂರ್ವ ಪೋಷಣೆಗೆ ಸರ್ಕಾರದ ಮಾಸಿಕ ಹಣವಿಲ್ಲ. ತಿಂಗಳಿಗೆ 4,000 ರೂಪಾಯಿ ಎಂದು ಕೇಳಿರುತ್ತೀರಿ. ಅದು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮೊದಲ ಬಗೆಯ ಪೋಷಕತ್ವಕ್ಕೆ, ಮತ್ತೆ ಪ್ರಾಯೋಜಕತ್ವಕ್ಕೆ. ತಂದೆತಾಯಿ ಇಲ್ಲದ ಮೊಮ್ಮಗಳನ್ನು ಸಾಕುತ್ತಿರುವ ಅಜ್ಜಿ ನಿಮ್ಮ ಓಣಿಯಲ್ಲಿದ್ದರೆ ಈ ಪ್ರಾಯೋಜಕತ್ವದ ವಿಷಯ ಅವರಿಗೆ ತಿಳಿಸಿ.

ವಯಸ್ಸಿನ ಮಿತಿ ನೋಡಿಕೊಳ್ಳಿ. ಎರಡು ವರ್ಷದೊಳಗಿನ ಮಗುವಿಗೆ ಗಂಡ-ಹೆಂಡತಿಯ ವಯಸ್ಸು ಕೂಡಿಸಿ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು. ಒಂಟಿ ಹೆಣ್ಣುಮಕ್ಕಳೂ ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಎಲ್ಲಿ ಕೇಳಬೇಕು? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ, ನಮ್ಮದು ಧಾರವಾಡ ಜಿಲ್ಲೆಯದು. ಲಕಮನಹಳ್ಳಿಯಿಂದ ಚಿಗರಿ ಬಸ್ ಹಿಡಿದರೆ ಊರೊಳಗೆ ಹೋಗಲು ಹೆಚ್ಚು ಹೊತ್ತು ಬೇಡ. ನೋಂದಣಿ ಗೊತ್ತಾಗದಿದ್ದರೆ ಅವರೇ ಮಾಡಿಸಿಕೊಡುತ್ತಾರೆ. ಬಿಟ್ಟುಹೋದ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ, ಮನೆಗೆ ಒಯ್ದು ಇಟ್ಟುಕೊಳ್ಳಬೇಡಿ.

"ಏಜೆಂಟ್ ಯಾರರ ಬೇಕಾಗ್ತಾರೇನ್ರಿ?" ಎಂದು ಹೋದ ವಾರವೂ ಒಬ್ಬ ತಮ್ಮ ಕೇಳಿದ. ಬ್ಯಾಡಪ್ಪಾ. ಯಾವುದೋ ಆಸ್ಪತ್ರೆಯಲ್ಲಿ ಕೂಸು ಕೊಡಿಸುತ್ತೇನೆ, ಇಷ್ಟು ಕೊಡಿ ಎಂದವರ ಜೊತೆ ಚಹಾ ಕೂಡ ಕುಡಿಯಬೇಡ. ಮಗುವನ್ನು ಕೊಂಡವರಿಗೂ ಮಾರಿದವರಿಗೂ 81ನೇ ಕಲಮಿನಲ್ಲಿ ಐದು ವರ್ಷದವರೆಗೆ ಕಠಿಣ ಜೈಲಿದೆ, ಲಕ್ಷ ರೂಪಾಯಿ ದಂಡವೂ ಇದೆ. ಮತ್ತೆ ಆ ಮಗುವನ್ನೂ ಕರೆದೊಯ್ಯುತ್ತಾರೆ, ಅಷ್ಟರಲ್ಲಿ ಅದು ನಿನ್ನ ನೋಡಿ ಅಳಲು ಕಲಿತಿರುತ್ತದೆ.