ಗರಸಿನ ಗುಂಡಿಗೆ ಕೆರೆಯ ಭಾಗ್ಯ

ಹುಬ್ಬಳ್ಳಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಎಬ್ಬಿಸಿದ ಗೋಡೆ ಸೀಳು ಬಿಡುವುದು ಇಲ್ಲಿನ ಗೌಂಡಿಗಳಿಗೆಲ್ಲ ಗೊತ್ತು. ಹೀಗಾಗಿ ಮನೆಯ ಬುನಾದಿಗೂ ರಸ್ತೆಯ ತಳಕ್ಕೂ ಮೊದಲು ಬೇಕಾಗುವುದು ಗರಸು. ಅವಳಿನಗರ ಬೆಳೆದಂತೆಲ್ಲ ಸುತ್ತಲಿನ ದಿನ್ನೆಗಳ ಗರಸು ಊರೊಳಗೆ ಬಂತು. ತೆಗೆದಲ್ಲಿ ಗುಂಡಿಗಳು ಉಳಿದವು.

ಬಿಟ್ಟುಹೋದ ಗುಂಡಿಗೆ ಸಾಮಾನ್ಯವಾಗಿ ಎರಡು ಗತಿ. ಒಂದು, ಊರಿನ ಕಸ ಬಂದು ತುಂಬುವುದು. ಇನ್ನೊಂದು, ಮಳೆಯ ನೀರು ನಿಲ್ಲುವುದು. ನೀರು ನಿಂತ ಗುಂಡಿ ನೋಡಲು ಕೆರೆಯಂತೆಯೇ ಇರುತ್ತದೆ. ಆದರೆ ಕೆರೆಯ ಅಂಗಳ ಇಳಿಜಾರಾಗಿ ಆಳಕ್ಕೆ ಸಾಗಿದರೆ, ಗುಂಡಿಯ ಅಂಚು ಗೋಡೆಯಂತೆ ಕಡಿದಾಗಿರುತ್ತದೆ. ಈಜಲು ಇಳಿದ ಹುಡುಗನಿಗೆ ಎರಡನೆಯ ಹೆಜ್ಜೆಗೇ ನೆಲ ಸಿಗದು, ಹತ್ತಿಬರಲು ಹೋದರೆ ಅಂಚು ಕುಸಿಯುತ್ತದೆ.

ಇಂಥ ಗುಂಡಿಗಳನ್ನು ಉದ್ಯಾನವಾಗಿಸಿದ ಉದಾಹರಣೆಗಳು ಹೊರನಾಡುಗಳಲ್ಲಿ ಹಳೆಯವು. ಪ್ಯಾರಿಸ್ಸಿನಲ್ಲಿ 1867ರಲ್ಲಿ ತೆರೆದ ಬ್ಯೂಟ್ ಶೋಮೋ ಉದ್ಯಾನ ಮೊದಲು ಜಿಪ್ಸಂ ಗಣಿ. ಹತ್ತಿರದ ಕಾಲುವೆಯಿಂದ ಪಂಪಿನ ಮೂಲಕ ನೀರೆತ್ತಿ ಅಲ್ಲಿ ಜಲಪಾತ ನಿರ್ಮಿಸಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಅಟೆನ್‌ಬರೋದಲ್ಲಿ ಜಲ್ಲಿ ತೆಗೆದ ಗುಂಡಿಗಳು 1966ರಲ್ಲಿ ಪಕ್ಷಿಗಳ ನೆಲೆಯಾದವು.

ಆ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಲು ಒಂದು ತೊಡಕಿದೆ. ಅಟೆನ್‌ಬರೋದಂಥ ಜಲ್ಲಿಗುಂಡಿಗಳು ನದಿಯ ಬಯಲಿನಲ್ಲಿರುವಂಥವು. ನೆಲದೊಳಗಿನ ನೀರೇ ಅವನ್ನು ತುಂಬುತ್ತದೆ. ಹುಬ್ಬಳ್ಳಿಯ ಗರಸು ಸಿಗುವುದು ಒಣ ದಿನ್ನೆಯಲ್ಲಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ತೆರೆದ ನೀರಿನಿಂದ ಆವಿಯಾಗುವುದು ಅದಕ್ಕಿಂತ ಬಹಳ ಹೆಚ್ಚು. ಜೊತೆಗೆ ಗರಸಿನ ತಳದಲ್ಲಿ ನೀರು ಇಂಗುತ್ತದೆ. ತನ್ನ ಮೇಲೆ ಬಿದ್ದ ಮಳೆಯನ್ನಷ್ಟೇ ನಂಬಿದ ಗುಂಡಿ ಬೇಸಿಗೆಗೆ ಬರಿದಾಗುತ್ತದೆ. ವರ್ಷವಿಡೀ ನೀರು ಬೇಕಾದರೆ ಸುತ್ತಲಿನ ನೆಲದಿಂದ ಹರಿದುಬರುವ ದಾರಿ ಬೇಕು.

ಇದು ನಮ್ಮ ಹಿರಿಯರಿಗೆ ತಿಳಿಯದ ವಿದ್ಯೆಯಲ್ಲ. ದೊಡ್ಡ ನದಿಯಿಲ್ಲದ ಈ ಸೀಮೆ ಕೆರೆಗಳನ್ನೇ ನಂಬಿತ್ತು. ಕೆರೆ ಕಟ್ಟುವಾಗ ಮಣ್ಣನ್ನು ಅಂಗಳದಿಂದಲೇ ಅಗೆದು ಏರಿಗೆ ಹಾಕುವುದು ರೂಢಿ. ಒಳ್ಳೆಯ ಮಣ್ಣಿನ ಏರಿಯಲ್ಲಿ ನಡುವೆ ನೀರು ತಡೆಯುವ ಜಿಗುಟು ಮಣ್ಣು, ಹೊರಗೆ ಅದನ್ನು ಹಿಡಿದು ನಿಲ್ಲಿಸುವ ಗರಸು. ಹಾಗೆ ನೋಡಿದರೆ ಪ್ರತಿ ಹಳೆಯ ಕೆರೆಯೂ ಒಂದು ಮಣ್ಣಿನ ಗುಂಡಿಯೇ. ಆದರೆ ಅಗೆಯುವ ಮೊದಲೇ ನೀರು ಬರುವ ದಾರಿ, ಹೆಚ್ಚಾದದ್ದು ಹೋಗುವ ಕೋಡಿ ಎರಡನ್ನೂ ಗುರುತಿಸಿರುತ್ತಿದ್ದರು.

ಹುಬ್ಬಳ್ಳಿ-ಧಾರವಾಡ ರಸ್ತೆಯ ಉಣಕಲ್ ಕೆರೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಶತಮಾನಕ್ಕೂ ಹಳೆಯದಾದ, ಸುಮಾರು 200 ಎಕರೆಯ ಈ ಕೆರೆ ಒಮ್ಮೆ ಊರಿಗೆ ಕುಡಿಯುವ ನೀರು ಕೊಟ್ಟಿತ್ತು. ನೀರಸಾಗರ, ಆಮೇಲೆ ಮಲಪ್ರಭೆಯ ನೀರು ಬಂದ ಮೇಲೆ ಅದು ವಿಹಾರದ ತಾಣವಾಯಿತು. ತೋಟ, ದೋಣಿ, ನಡುಗಡ್ಡೆಯಲ್ಲಿ ವಿವೇಕಾನಂದರ ಪ್ರತಿಮೆ ಎಲ್ಲ ಬಂದವು. ಆದರೆ ಮೇಲಿನ ಬಡಾವಣೆಗಳ ಕೊಳಚೆಯೂ ಬಂತು, ಅಂತರಗಂಗೆ ಮತ್ತೆ ಮತ್ತೆ ನೀರನ್ನು ಮುಚ್ಚಿತು. 2016ರಲ್ಲಿ ಅವಳಿನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಊರೊಳಗಿನ ತೋಳನಕೆರೆಯೂ ನಡೆದಾಡುವ ಹಾದಿ, ಉದ್ಯಾನಗಳೊಂದಿಗೆ ಹೊಸ ರೂಪ ಪಡೆಯಿತು. ಎರಡರಿಂದಲೂ ಕಲಿಯಬೇಕಾದ ಪಾಠ ಒಂದೇ: ದಂಡೆ ಎಷ್ಟೇ ಚೆಂದವಾಗಿದ್ದರೂ ಕೆರೆಯ ಆಯುಷ್ಯ ನಿಂತಿರುವುದು ಒಳಗೆ ಬರುವ ನೀರಿನ ಮೇಲೆ.

ಗುಂಡಿಯನ್ನು ಕೆರೆಯಾಗಿಸುವ ಕೆಲಸದ ಕ್ರಮವನ್ನೂ ಈ ಪಾಠವೇ ಹೇಳುತ್ತದೆ. ಮೊದಲು ಕಡಿದಾದ ಅಂಚನ್ನು ಕಡಿದು, ಒಂದಡಿ ಇಳಿಯಲು ಕನಿಷ್ಠ ಮೂರಡಿ ನಡೆಯಬೇಕಾದಷ್ಟು ಇಳಿಜಾರು ಮಾಡಬೇಕು. ತಳಕ್ಕೆ ಎರೆಮಣ್ಣು ಹಾಸಿ ದಮ್ಮಸು ಮಾಡಿದರೆ ಇಂಗುವುದು ತಗ್ಗುತ್ತದೆ. ಮನೆ ಕಟ್ಟುವವನಿಗೆ ಶತ್ರುವಾದ ಅದೇ ಮಣ್ಣು ಇಲ್ಲಿ ನೆಂಟ. ಮಳೆನೀರಿನ ಕಾಲುವೆಗೆ ಹೂಳು ನಿಲ್ಲುವ ಹೊಂಡ, ಕೊಳಚೆಗೆ ಬೇರೆಯೇ ಕೊಳವೆ, ಹೆಚ್ಚಾದ ನೀರಿಗೆ ಕೋಡಿ ಬೇಕು. ದಂಡೆಯ ತೆಳುನೀರಿನಲ್ಲಿ ಜೊಂಡು, ಮೇಲೆ ಹೊಂಗೆ, ಅತ್ತಿ ಬೆಳೆದರೆ ಹಕ್ಕಿಗಳು ಕರೆಯದೆಯೇ ಬರುತ್ತವೆ. ಹೂದೋಟ, ಬೆಂಚು, ದೋಣಿಗಳ ಸರದಿ ಕೊನೆಯದು.

ಇದೆಲ್ಲ ಅಗ್ಗವಾಗುವುದು ಅಗೆಯುವಾಗಲೇ ಯೋಚಿಸಿದರೆ. 5 ಹೆಕ್ಟೇರಿಗಿಂತ ಚಿಕ್ಕ ಗಣಿಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಮೇಲ್ಮಣ್ಣನ್ನು ಬದಿಗೆ ಕೂಡಿಟ್ಟು, ಇಳಿಜಾರು ಉಳಿಸಿಕೊಂಡೇ ಅಗೆದರೆ ಯಂತ್ರ ಮರಳುವ ಹೊತ್ತಿಗೆ ಅರ್ಧ ಕೆರೆ ಸಿದ್ಧವಾಗಿರುತ್ತದೆ. ಇಲ್ಲವಾದರೆ ಊರು ತನ್ನ ಮನೆಗಳಿಗೆ ಗಟ್ಟಿ ನೆಲ ಪಡೆದು, ತನ್ನ ಮಕ್ಕಳಿಗೆ ನೆಲೆ ಸಿಗದ ನೀರನ್ನು ಬಿಟ್ಟಂತಾಗುತ್ತದೆ.