ಒಂದು ಸುರುಳಿಗೆ ಎಪ್ಪತ್ತೆರಡು ಚಿತ್ರ!

ಮೂವತ್ತಾರು ಚಿತ್ರಗಳ ಫಿಲಂ ಸುರುಳಿಯಲ್ಲಿ ಎಪ್ಪತ್ತೆರಡು ಚಿತ್ರ ತೆಗೆಯಬಹುದೆಂದರೆ ಯಾವ ಗೃಹಸ್ಥನ ಕಿವಿ ನಿಮಿರದು? ಜಪಾನಿನ ಒಲಿಂಪಸ್ ಸಂಸ್ಥೆ 1959ರಲ್ಲಿ ಹೊರತಂದ 'ಪೆನ್' ಕ್ಯಾಮೆರಾ ಸಾಧಿಸಿದುದು ಇದನ್ನೇ. ವಾಡಿಕೆಯ ಚೌಕಟ್ಟನ್ನು ಅದು ಅರ್ಧಕ್ಕಿಳಿಸಿತು.

ರೂಪಿಸಿದವರು ಯೋಷಿಹಿಸಾ ಮೈತಾನಿ. ಆಗ ಮೂವತ್ತು ತುಂಬದ ತರುಣ. ಆರು ಸಾವಿರ ಯೆನ್‌ಗೆ ಮಾರಬಹುದಾದ ಕ್ಯಾಮೆರಾ ಅವರ ಗುರಿ. ಮಸೂರದ ವಿಷಯದಲ್ಲಿ ಮಾತ್ರ ಅವರು ಜಿಪುಣತನ ತೋರಲಿಲ್ಲ, ಉಳಿದೆಡೆಯಲ್ಲಿ ಮಿತವ್ಯಯ. ಫಿಲಂ ಮುಂದೂಡಲು ಹೆಬ್ಬೆರಳಿಗೆ ತಾಕುವ ಹಲ್ಲುಚಕ್ರವೊಂದಿದ್ದರೆ ಸಾಕೆಂದರು.

1961ರಲ್ಲಿ ಬಂದ 'ಪೆನ್ ಇಇ' ಇನ್ನೂ ಸುಲಭ. ಮಸೂರದ ಸುತ್ತ ಜೇನುಗೂಡಿನಂತೆ ಹೊಳೆಯುವ ವರ್ತುಲದ ಹಿಂದೆ ಸೆಲೆನಿಯಂ ಇದೆ. ಬೆಳಕು ಬಿದ್ದೊಡನೆ ಅದರಲ್ಲಿ ವಿದ್ಯುತ್ತು ಹುಟ್ಟಿ, ಮುಳ್ಳೊಂದು ಓಲಾಡಿ, ಬೆಳಕಿನ ಕಿಂಡಿಯ ಅಳತೆ ತಾನಾಗಿ ನಿಶ್ಚಯವಾಗುತ್ತದೆ. ಬ್ಯಾಟರಿಯ ಗೊಡವೆಯೇ ಇಲ್ಲ.

ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲಂಸ್ ಕಾರ್ಖಾನೆ 1967ರಲ್ಲಿ ಉದ್ಘಾಟನೆಯಾಗುವವರೆಗೂ ನಮ್ಮಲ್ಲಿ ಫಿಲಂ ಎಂದರೆ ಬಹುಮಟ್ಟಿಗೆ ವಿದೇಶದ ಸರಕು. ಒಂದೊಂದು ಚಿತ್ರವನ್ನೂ ಲೆಕ್ಕವಿಟ್ಟು ತೆಗೆಯುವ ಮನೆಯಲ್ಲಿ ಎಪ್ಪತ್ತೆರಡು ಬೇಗ ಮುಗಿಯುವುದುಂಟೆ? ಗೌರಿಹಬ್ಬಕ್ಕೆ ತುಂಬಿದ ಸುರುಳಿ ಯುಗಾದಿಯಾದರೂ ಒಳಗೇ ಉಳಿಯಬಹುದು. ಆದುದರಿಂದ ಯಲಹಂಕದಲ್ಲಾಗಲಿ ಆರ್.ಟಿ. ನಗರದಲ್ಲಾಗಲಿ, ಅಜ್ಜನ ಬೀರುವಿನಲ್ಲಿ ಇಂಥ ಕ್ಯಾಮೆರಾ ಸಿಕ್ಕರೆ ಕುತೂಹಲದಿಂದ ಹಿಂಬದಿಯನ್ನು ತೆರೆಯಬೇಡಿ! ಮೇಲಿನ ಸುತ್ತುಹಿಡಿಯನ್ನು ಬಾಣದ ಗುರುತಿನತ್ತ ಮೆಲ್ಲನೆ ತಿರುಗಿಸಿ. ಬಿಗಿ ಎಳೆತ ಕಂಡರೆ ಒಳಗೆ ಫಿಲಂ ಇದೆಯೆಂದೇ ತಿಳಿಯಿರಿ. ತಳದ ಗುಂಡಿಯನ್ನೊತ್ತಿ, ಹಿಡಿ ಸಡಿಲವಾಗುವ ತನಕ ಸುತ್ತಿ, ಅನಂತರ ತೆರೆಯತಕ್ಕದ್ದು. ಹಳೆಯ ಫಿಲಂ ಮಸುಕಾಗಿರಬಹುದು. ಆದರೂ ಅನುಭವಿಯಾದವರ ಕೈಯಲ್ಲಿ ತೊಳೆಸಿ ನೋಡಬೇಕು. ಮತ್ತೆಲ್ಲೂ ಇಲ್ಲದ ಮುಖವೊಂದು ಅದರಲ್ಲಿ ಇದ್ದೀತು.

ಇನ್ನು ಯಂತ್ರದ ಪರೀಕ್ಷೆ. ಮಸೂರದ ವರ್ತುಲವನ್ನು ಅಂಗೈಯಿಂದ ಮುಚ್ಚಿ ಗುಂಡಿಯೊತ್ತಿದರೆ, ನೋಟದ ಕಿಂಡಿಯಲ್ಲಿ ಕೆಂಪು ನಾಲಗೆ ಚಾಚಿ ಕ್ಯಾಮೆರಾ ಚಿತ್ರ ತೆಗೆಯಲು ನಿರಾಕರಿಸಬೇಕು. ಬಿಸಿಲಿನಲ್ಲಿ ನಾಲಗೆ ಕಾಣಬಾರದು. ಅಲ್ಲಿಯೂ ಕಂಡರೆ ಸೆಲೆನಿಯಂ ಸೋತಿರುವ ಸಂಭವವೇ ಹೆಚ್ಚು.

ಸ್ವಸ್ಥವಾಗಿದ್ದರೆ ಭಾನುವಾರ ಹೆಬ್ಬಾಳದ ಕೆರೆಗೆ ಕೊಂಡೊಯ್ಯಬಹುದು. ಹೆಜ್ಜಾರ್ಲೆಗಳ ಆಸೆ ಬೇಡ. 28 ಮಿಲಿಮೀಟರಿನ ಮಸೂರದಲ್ಲಿ ಅವು ಸಾಸಿವೆ ಕಾಳುಗಳು. ದಡದ ಮೇಲೆ ಮನೆಯವರನ್ನು ಐದಾರು ಅಡಿ ದೂರ ನಿಲ್ಲಿಸಿ. ಕ್ಯಾಮೆರಾವನ್ನು ಅಡ್ಡ ಹಿಡಿದರೆ ಈ ಅರ್ಧ ಚೌಕಟ್ಟು ಉದ್ದುದ್ದ ನಿಲ್ಲುತ್ತದೆ. ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳಿಗೆ ಅದರಲ್ಲಿ ಸರಿಯಾಗಿ ಜಾಗವುಂಟು.