ಹಳೆಯ ಕಂಪ್ಯೂಟರಿನ ಮರೆವು

ಕುಂದಾಪುರ ತಾಲೂಕಿನ ಗುಲ್ವಾಡಿಯ ಹೆಸರನ್ನು ಕನ್ನಡ ವಾಚಕರು ಬಲ್ಲರು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ‘ಇಂದಿರಾಬಾಯಿ’ಯ ಕರ್ತರಾದ ಗುಲ್ವಾಡಿ ವೆಂಕಟರಾಯರು ಆ ಊರ ಹೆಸರನ್ನು ಹೊತ್ತವರು. ಅವರ ಕಥೆಯು ಕಾಗದದ ಮೇಲೆ ನಿಂತು, ನೂರಕ್ಕೂ ಮಿಕ್ಕಿದ ಮಳೆಗಾಲಗಳನ್ನು ದಾಟಿ ನಮ್ಮ ಕೈಗೆ ಬಂದಿದೆ. ಆದರೆ ಈಚಿನ ಗೃಹಸ್ಥರ ಬರಹವು ಕಾಗದದ ಮೇಲಿಲ್ಲ. ಅಜ್ಜಂದಿರು ಹೇಳಿ ಬರೆಯಿಸಿದ ನೆನಪುಗಳು, ಮದುವೆಯ ಚಿತ್ರಗಳು, ತೋಟದ ಲೆಕ್ಕ, ಇವೆಲ್ಲವೂ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಹಳೆಯ ಕಂಪ್ಯೂಟರಿನೊಳಗಿವೆ. 1998ರಲ್ಲಿ ಹೊರಬಂದ ‘ಬರಹ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಪುಟಗಳು ಇಂತಹ ಎಷ್ಟು ಯಂತ್ರಗಳಲ್ಲಿ ಉಳಿದಿವೆಯೋ!

ಈ ಯಂತ್ರಕ್ಕೆ ಎರಡು ಬಗೆಯ ನೆನಪುಗಳುಂಟು. ಡಿಸ್ಕು ಎಂಬುದು ಕಪಾಟು. ರ‍್ಯಾಮ್ ಎಂಬುದು ಕಪಾಟಿನಿಂದ ತೆಗೆದುದನ್ನು ಹರವಿ ಕೆಲಸ ಮಾಡುವ ಮೇಜು. ರ‍್ಯಾಮಿನ ಒಂದೊಂದು ಕಣವೂ ತೂತುಗಡಿಗೆಯಂತೆ ತನ್ನ ವಿದ್ಯುತ್ತನ್ನು ಸೋರಗೊಡುತ್ತಲೇ ಇರುವುದರಿಂದ, ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಅದನ್ನು ತುಂಬುತ್ತಿರಬೇಕು. 1966ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡರು ಇದನ್ನು ಕಲ್ಪಿಸಿದರು. ಇಷ್ಟು ಚಂಚಲವಾದ ವಸ್ತು ಇಷ್ಟು ಕಾಲ ನಂಬಿಗೆಯಿಂದ ದುಡಿಯುವುದೇ ಆಶ್ಚರ್ಯವೆಂದು ನಮಗೆ ತೋರುತ್ತದೆ.

ರ‍್ಯಾಮ್ ಕೆಟ್ಟಾಗ ಯಂತ್ರವು ಒಮ್ಮೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಒಮ್ಮೆ ತಾನೇ ಮರಳಿ ಆರಂಭವಾಗುತ್ತದೆ, ಇನ್ನೊಮ್ಮೆ ಪೀಂ ಪೀಂ ಎಂದು ಕೂಗಿ ಸುಮ್ಮನಾಗುತ್ತದೆ. ಮನೆಯವರು ವೈರಸ್ಸನ್ನೋ ಡಿಸ್ಕನ್ನೋ ದೂಷಿಸಿ, ವಿಂಡೋಸನ್ನು ಹೊಸದಾಗಿ ಹಾಕಿಸಲು ಹೊರಡುತ್ತಾರೆ. ಇದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ. ಮೇಜಿನ ಮೇಲೆ ಅಕ್ಷರ ಬದಲಾದರೆ ಕಪಾಟಿಗೆ ಹಿಂದಿರುಗುವ ಕಾಗದವೂ ತಪ್ಪಾಗಿಯೇ ಹೋಗುವುದಷ್ಟೆ. ಡಿಸ್ಕು ಸರಿಪಡಿಸುವ ತಂತ್ರಾಂಶವನ್ನು ಆಗ ಓಡಿಸಿದರೆ ಸರಿಯಿದ್ದುದೂ ಕೆಡಬಹುದು. ಆದುದರಿಂದ ಮೊದಲು ಯಂತ್ರವನ್ನು ನಿಲ್ಲಿಸತಕ್ಕದ್ದು. ಅವಸರವಿದ್ದರೆ ಡಿಸ್ಕನ್ನು ಬಿಚ್ಚಿ, ಆರೋಗ್ಯವಾಗಿರುವ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಪ್ರತಿ ತೆಗೆಯಬೇಕು.

ಇನ್ನು ಕಾರಣವನ್ನು ನೋಡೋಣ. ನಮ್ಮ ಕರಾವಳಿಯಲ್ಲಿ ಅದು ಅನೇಕ ವೇಳೆ ಅತಿ ಸಣ್ಣದು. ಮಳೆಗಾಲದ ತೇವ, ಕಡಲ ಉಪ್ಪುಗಾಳಿ, ಧೂಳು ಇವು ಸೇರಿ ಪಟ್ಟಿಯ ಅಂಚಿನ ಹೊಂಬಣ್ಣದ ಸಂಪರ್ಕಗಳನ್ನು ಮಬ್ಬುಗೊಳಿಸುತ್ತವೆ. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಳಚಿ, ಆರಂಭದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿದ ಮೇಲೆಯೇ ಪಟ್ಟಿಗೆ ಕೈ ಹಾಕಬೇಕು. ಇಲ್ಲವಾದರೆ ಮೈಯ ಸ್ಥಿರವಿದ್ಯುತ್ತೇ ಅದನ್ನು ಕೊಂದೀತು. ಎರಡು ಬದಿಯ ಕೊಂಡಿಗಳನ್ನು ಸಡಿಲಿಸಿದರೆ ಪಟ್ಟಿ ಮೇಲೇಳುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಅಂಚನ್ನು ಒರೆಸಿ, ಪೂರ್ಣ ಆರಿದ ಬಳಿಕ ಕೊಂಡಿ ಟಕ್ಕೆನ್ನುವಂತೆ ಮರಳಿ ಕೂರಿಸಬೇಕು. ಮಕ್ಕಳ ರಬ್ಬರಿನಿಂದ ಉಜ್ಜುವ ವಾಡಿಕೆ ಎಲ್ಲೆಡೆ ಇದೆ. ಚಿನ್ನದ ಲೇಪ ಬಹಳ ತೆಳುವಾದುದರಿಂದ ನಾವು ಅದನ್ನು ಒಪ್ಪುವುದಿಲ್ಲ. ಬಾಯಿಂದ ಊದುವುದಂತೂ ತೇವಕ್ಕೆ ತೇವವನ್ನು ಕೂಡಿಸಿದಂತೆ.

ಅನಂತರ ಪರೀಕ್ಷೆ. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಬೇರೆ ಯಂತ್ರದಲ್ಲಿ ಯುಎಸ್‌ಬಿ ಕಡ್ಡಿಗೆ ಹಾಕಿಕೊಂಡು, ಅದರಿಂದಲೇ ಕಂಪ್ಯೂಟರನ್ನು ಆರಂಭಿಸಬಹುದು. ಅದು ರ‍್ಯಾಮಿನಲ್ಲಿ ನಾನಾ ವಿನ್ಯಾಸಗಳನ್ನು ಬರೆದು, ಮರಳಿ ಓದಿ, ತಾಳೆ ನೋಡುತ್ತದೆ. ಒಂದು ಸುತ್ತು ಸಾಲದು. ಕರೆಂಟು ಕೈಕೊಡದ ಒಂದು ರಾತ್ರಿಯನ್ನು ಅದಕ್ಕೆ ಬಿಟ್ಟುಕೊಡಬೇಕು. ಒಂದೇ ತಪ್ಪು ಕಂಡರೂ ‘ಒಂದೇ ತಾನೇ’ ಎಂದು ಸುಮ್ಮನಿರಬಾರದು.

ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಒಂದೇ ಕಿಂಡಿಯಲ್ಲಿಟ್ಟು ಪರೀಕ್ಷಿಸಿರಿ. ತಪ್ಪು ಪಟ್ಟಿಯೊಡನೆ ಹೋದರೆ ದೋಷ ಪಟ್ಟಿಯದು. ಯಾವ ಪಟ್ಟಿಯಿಟ್ಟರೂ ಅದೇ ಕಿಂಡಿಯಲ್ಲಿ ತಪ್ಪು ನಿಂತರೆ ಮದರ್‌ಬೋರ್ಡನ್ನು ಶಂಕಿಸಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯುವುದು ಲೇಸು; 1.8 ವೋಲ್ಟಿನ ಡಿಡಿಆರ್2 ಕಿಂಡಿಗೆ 1.5 ವೋಲ್ಟಿನ ಡಿಡಿಆರ್3 ಪಟ್ಟಿ ಹೊಂದುವುದಿಲ್ಲ, ಅದರ ಕಚ್ಚೇ ಬೇರೆ ಕಡೆಯಲ್ಲಿದೆ.

ಹೊಸ ಪಟ್ಟಿಯನ್ನೂ ಒಂದು ರಾತ್ರಿ ಪರೀಕ್ಷಿಸಿದ ಮೇಲೆಯೇ ಕಡತಗಳ ಪ್ರತಿಗೆ ತೊಡಗಬೇಕು. ಯಂತ್ರ ಕಾಯಿಲೆ ಬಿದ್ದಿದ್ದ ದಿನಗಳಲ್ಲಿ ಉಳಿಸಿದ ಕಡತಗಳನ್ನು ಮೊದಲ ಪುಟ ಮಾತ್ರವಲ್ಲದೆ ನಡುವೆಯೂ ತೆರೆದು ನೋಡಿರಿ; ಚಿತ್ರಗಳಲ್ಲಿ ಅಡ್ಡಪಟ್ಟೆಗಳಿವೆಯೇ ಎಂದು ಗಮನಿಸಿರಿ. ಕೆಟ್ಟುದು ಕಂಡರೆ ಅದನ್ನು ಅಳಿಸುವ ಮುನ್ನ, ಕಪಾಟಿನ ಹಳೆಯ ಸೀಡಿಯಲ್ಲೋ ಮುಂಬಯಿಯಲ್ಲಿರುವ ಮಗಳ ಬಳಿಯಲ್ಲೋ ಮೊದಲಿನ ಪ್ರತಿಯೊಂದು ಉಳಿದಿದೆಯೇ ಎಂದು ವಿಚಾರಿಸಿರಿ.